ಸೆರೆಮನೆಯಿಂದ ಸಭೆಯ ಅಂಗಳಕ್ಕೆ: ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹ

ಪಾರಂಪರಿಕ ಕಟ್ಟಡಗಳ ಸಂರಕ್ಷಣೆಯ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಅರಮನೆ, ದೇವಾಲಯ, ಕೋಟೆಗಳ ಸುತ್ತಲೇ ನಡೆದಿದೆ. ಸೆರೆಮನೆಯನ್ನು ಏಕೆ ಉಳಿಸಿಕೊಳ್ಳಬೇಕೆಂಬ ಪ್ರಶ್ನೆ ಎದುರಾಗುವುದು ಅಪರೂಪ. ಬೆಂಗಳೂರಿನ ಶೇಷಾದ್ರಿ ರಸ್ತೆಯ ಹಳೆಯ ಕೇಂದ್ರ ಕಾರಾಗೃಹ ಅಂತಹ ಪ್ರಶ್ನೆಯನ್ನು ಒಡ್ಡಿತು.

ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ 1860ರ ದಶಕದಲ್ಲಿ ಈ ಕಾರಾಗೃಹ ನಿರ್ಮಾಣವಾಯಿತು. ನಡುವೆ ಕಾವಲುಗೋಪುರ, ಅದರ ಸುತ್ತ ಕಿರಣಗಳಂತೆ ಚಾಚಿಕೊಂಡ ಬ್ಯಾರಕುಗಳು. ಗೋಪುರದಲ್ಲಿ ನಿಂತವನಿಗೆ ಎಲ್ಲರ ಚಲನವಲನವೂ ಕಾಣುತ್ತದೆ. ತನ್ನನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂಬುದು ಮಾತ್ರ ಕೈದಿಗೆ ತಿಳಿಯದು. ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ 18ನೆಯ ಶತಮಾನದ ಕೊನೆಯಲ್ಲಿ ಮುಂದಿಟ್ಟ ಬಂದೀಖಾನೆಯ ಕಲ್ಪನೆಯ ಛಾಯೆ ಇಲ್ಲಿ ಸ್ಪಷ್ಟವಾಗಿದೆ.

ಈ ಗೋಡೆಗಳಿಗೆ ಚಾರಿತ್ರಿಕ ಮಹತ್ವ ಬಂದುದು ತುರ್ತುಪರಿಸ್ಥಿತಿಯ ಕಾಲದಲ್ಲಿ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಅವರನ್ನು 1975ರ ಜೂನ್ 26ರಂದು ಬಂಧಿಸಿ ಇಲ್ಲಿ ಇರಿಸಲಾಯಿತು. ಆದರೆ ಕನ್ನಡಿಗರ ನೆನಪಿನಲ್ಲಿ ಈ ಸೆರೆಮನೆಯೊಂದಿಗೆ ಬೆಸೆದುಕೊಂಡಿರುವ ಹೆಸರು ಸ್ನೇಹಲತಾ ರೆಡ್ಡಿಯವರದು. 'ಸಂಸ್ಕಾರ' ಚಲನಚಿತ್ರದ ಚಂದ್ರಿ 1976ರಲ್ಲಿ ಇಲ್ಲಿ ಬಂದಿಯಾದರು. ಉಬ್ಬಸದಿಂದ ಜರ್ಝರಿತರಾಗಿ 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದು, ಕೆಲವೇ ದಿನಗಳಲ್ಲಿ ನಿಧನರಾದರು.

ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡ ಬಳಿಕ, ನಗರದ ನಟ್ಟನಡುವಿನ ಈ ಬೆಲೆಬಾಳುವ ನೆಲ ವಾಣಿಜ್ಯ ಸಂಕೀರ್ಣವಾಗದೆ ಉಳಿದದ್ದೇ ವಿಶೇಷ. ಮ್ಯಾಥ್ಯೂ ಮತ್ತು ಘೋಷ್ ವಾಸ್ತುಶಿಲ್ಪಿಗಳ ವಿನ್ಯಾಸದಂತೆ ರೂಪುಗೊಂಡ ಫ್ರೀಡಂ ಪಾರ್ಕ್ 2008ರ ನವೆಂಬರಿನಲ್ಲಿ ತೆರೆಯಿತು. ಕಾವಲುಗೋಪುರವನ್ನೂ ಕೆಲವು ಬ್ಯಾರಕುಗಳನ್ನೂ ಉಳಿಸಿಕೊಂಡು, ಬಯಲು ರಂಗಮಂದಿರವನ್ನೂ ಪ್ರತಿಭಟನೆಗೆಂದೇ ಮೀಸಲಾದ ಜಾಗವನ್ನೂ ಸೇರಿಸಲಾಯಿತು. ಹಳೆಯ ಗೋಡೆಯನ್ನು ಕೆಡವಿದರೆ ಅದಕ್ಕೆ ವ್ಯಯವಾದ ಕಲ್ಲು, ಗಾರೆ, ದುಡಿಮೆಯೂ ವ್ಯರ್ಥವಾಗುತ್ತದೆ. ಅದರ ಜಾಗದಲ್ಲಿ ಹೊಸದಕ್ಕೆ ಮತ್ತೆ ಸಿಮೆಂಟು, ಇಂಧನ ಬೇಕು. ಬಯಲಿನಲ್ಲಿ ಸೇರುವ ಸಭೆಗೆ ಹವಾನಿಯಂತ್ರಣದ ಹಂಗೂ ಇಲ್ಲ. ಪರಿಸರದ ಹೆಸರೆತ್ತದೆಯೇ ನಡೆದ ಪರಿಸರಸ್ನೇಹಿ ಕಾರ್ಯವಿದು.

ಮುಂದಿನ ಬೆಳವಣಿಗೆ ಅಷ್ಟು ಸರಳವಲ್ಲ. ಬೆಂಗಳೂರಿನ ಪ್ರತಿಭಟನೆ, ಧರಣಿಗಳನ್ನು 2021ರ ಪರವಾನಗಿ ಆದೇಶವು ಈ ಉದ್ಯಾನಕ್ಕೆ ಸೀಮಿತಗೊಳಿಸಿತು. ವಾಹನಸಂಚಾರಕ್ಕೆ ಅಡಚಣೆಯಾಗುತ್ತದೆಂಬ ಕಾರಣ ಸುಳ್ಳೇನಲ್ಲ. ಆದರೆ 'ಇಲ್ಲಿಯೂ ಮಾತನಾಡಬಹುದು' ಎಂದು ತೆರೆದ ಆವರಣವು 'ಇಲ್ಲಿ ಮಾತ್ರ ಮಾತನಾಡಬಹುದು' ಎಂಬ ಆವರಣವಾಯಿತು. ಧರಣಿ ಕುಳಿತವರ ಕೂಗು ವಿಧಾನಸೌಧಕ್ಕೆ ಕೇಳಿಸದಿದ್ದರೂ, ಕಾವಲುಗೋಪುರ ಮಾತ್ರ ಅವರ ಸಮೀಪದಲ್ಲೇ ಇದೆ.