ನಿರ್ಗಮನ ಸಂಖ್ಯೆಯ ವಿಕಾಸ

ಕಮಾಂಡಿನ ಮೂಲಕ ನಡೆಯುವ ಪ್ರೋಗ್ರಾಮೊಂದು ತನ್ನ ಕಾರ್ಯವನ್ನು ಮುಗಿಸಿ ನಿರ್ಗಮಿಸುವಾಗ, ಪರದೆಯ ಮೇಲೆ ಏನನ್ನಾದರೂ ಮುದ್ರಿಸಿರಲಿ, ಮುದ್ರಿಸದಿರಲಿ, ತನ್ನನ್ನು ನಿಯೋಜಿಸಿದ ಶೆಲ್ಲಿಗೆ ಒಂದು ಪುಟ್ಟ ಸಂಖ್ಯೆಯನ್ನು ಒಪ್ಪಿಸಿ ಹೋಗುವುದು. ಎಕ್ಸಿಟ್ ಕೋಡ್ ಎಂದು ಪ್ರಸಿದ್ಧವಾದ ಈ ಸಂಖ್ಯೆಯನ್ನು ಯಶಸ್ಸು ವೈಫಲ್ಯಗಳ ಸಂಕೇತವೆಂದಷ್ಟೇ ಅನೇಕರು ಪರಿಗಣಿಸಿರುವರಾದರೂ, ‘ಇಲ್ಲ’ ಎಂಬ ಉತ್ತರವನ್ನು ‘ಹೇಳಲಾರೆ’ ಎಂಬ ಅಸಾಮರ್ಥ್ಯದಿಂದ ಬೇರ್ಪಡಿಸುವ ಪ್ರಯತ್ನವೇ ಅದರ ಇತಿಹಾಸದ ಜೀವಾಳವೆಂದು ನನ್ನ ಭಾವನೆ.

1960ರ ದಶಕದ ಐಬಿಎಂ ಸಿಸ್ಟಂ 360 ಯಂತ್ರಗಳಲ್ಲಿ 0, 4, 8, 12, 16 ಎಂಬ ಸೋಪಾನಕ್ರಮವು ದೋಷದ ತೀವ್ರತೆಯನ್ನು ಸೂಚಿಸುತ್ತಿದ್ದಿತು. ಬೆಲ್ ಪ್ರಯೋಗಶಾಲೆಯ ಯೂನಿಕ್ಸ್, ಪಿಡಿಪಿ-11 ಯಂತ್ರದ 16 ಬಿಟ್ಟುಗಳ ಪದವನ್ನು ಎರಡು ಪಾಲಾಗಿಸಿ, ಒಂದನ್ನು ಪ್ರೋಗ್ರಾಮಿನ ಸ್ವಂತ ಹೇಳಿಕೆಗೂ ಮತ್ತೊಂದನ್ನು ಅದರ ಅಕಾಲಮರಣದ ಕಾರಣಕ್ಕೂ ಮೀಸಲಿರಿಸಿತು. ಆದುದರಿಂದಲೇ ಈ ಸಂಖ್ಯೆ 0ಯಿಂದ 255ರ ಎಲ್ಲೆಯನ್ನು ಮೀರಲಾರದೆ, ವೈಫಲ್ಯವನ್ನು 256 ಎಂದು ಸಾರಹೊರಟ ಪ್ರೋಗ್ರಾಮಿನ ಮಾತು ಶೆಲ್ಲಿಗೆ ಇಂದಿಗೂ ಸೊನ್ನೆಯಾಗಿ, ಎಂದರೆ ಯಶಸ್ಸಾಗಿ, ಕೇಳಿಸುವುದು. ಯಶಸ್ಸು ಏಕರೂಪ, ವೈಫಲ್ಯ ಬಹುರೂಪವಾದುದರಿಂದ ಸೊನ್ನೆ ಯಶಸ್ಸಿಗೆ ಸಂದುದು ಯುಕ್ತವೇ ಆದರೂ, ವಿಎಂಎಸ್ ವ್ಯವಸ್ಥೆಯಲ್ಲಿ ಬೆಸಸಂಖ್ಯೆಗಳು ಯಶಸ್ಸನ್ನೂ ಸಮಸಂಖ್ಯೆಗಳು ವೈಫಲ್ಯವನ್ನೂ ಸೂಚಿಸುತ್ತಿದ್ದುವು.

1979ರಲ್ಲಿ ಯೂನಿಕ್ಸಿನ ಏಳನೆಯ ಆವೃತ್ತಿಯೊಡನೆ ಬಂದ ಸ್ಟೀಫನ್ ಬೋರ್ನರ ಶೆಲ್, ‘ಇಫ್’ ಎಂಬ ನಿಬಂಧನೆಯನ್ನು ಈ ಸಂಖ್ಯೆಯ ಮೇಲೆಯೇ ನಿಲ್ಲಿಸಿತು. ಇದರ ಪರಿಣಾಮವನ್ನು ಗ್ರೆಪ್ ಎಂಬ ಶೋಧಕದಲ್ಲಿ ನೋಡಬಹುದು: ಅರಸಿದ ಪದ ದೊರೆತರೆ 0, ದೊರೆಯದಿದ್ದರೆ 1, ಕಡತವನ್ನು ತೆರೆಯಲೇ ಆಗದಿದ್ದರೆ 2. ಸಾಲೊಂದು ಕಡತದಲ್ಲಿ ಇಲ್ಲದಿದ್ದರೆ ಸೇರಿಸೆಂದು ಬರೆದ ಸ್ಕ್ರಿಪ್ಟು 1ಕ್ಕೂ 2ಕ್ಕೂ ಭೇದವೆಣಿಸದೆ ಹೋದರೆ, ಓದಲಾಗದ ಕಡತದಲ್ಲಿ ಆ ಸಾಲು ಇಲ್ಲವೆಂದೇ ನಂಬಿ ಮುನ್ನಡೆದುಬಿಡುವುದು. ಇಂತಹ ಅಜಾಗರೂಕತೆ ಎಷ್ಟು ವ್ಯಾಪಕವೋ ಅಷ್ಟೇ ಅಪಾಯಕರ.

ಅಂಚೆಯ ಪ್ರೋಗ್ರಾಮುಗಳಿಗಾಗಿ ಬರ್ಕ್ಲಿಯವರು 64ರಿಂದ 78ರವರೆಗಿನ ಸಂಖ್ಯೆಗಳಿಗೆ ನಿಯತಾರ್ಥಗಳನ್ನು ವಿಧಿಸಿದರು. ಅವುಗಳಲ್ಲಿ 75, ‘ಈಗ ಆಗದು, ಅನಂತರ ಪ್ರಯತ್ನಿಸು’ ಎಂಬ ಸೂಕ್ಷ್ಮವಾದ ಉತ್ತರ. ಆ ಪಟ್ಟಿಯ ಬಳಕೆ ಸರ್ವತ್ರ ಹಬ್ಬಲಿಲ್ಲ. ಕಮಾಂಡು ಸಿಕ್ಕದಿದ್ದರೆ 127, ಸಿಕ್ಕಿಯೂ ನಡೆಸಲಾಗದಿದ್ದರೆ 126, ಸಿಗ್ನಲಿನಿಂದ ಹತವಾದರೆ 128ಕ್ಕೆ ಸಿಗ್ನಲಿನ ಸಂಖ್ಯೆ ಕೂಡಿದ ಮೊತ್ತ ಎಂಬ ಶೆಲ್ಲಿನ ಸಂಪ್ರದಾಯ ಮಾತ್ರ ದೃಢವಾಯಿತು. ಬಲಾತ್ಕಾರದ ಕೊನೆಯನ್ನು ಸೂಚಿಸುವ 137 ಕಂಟೇನರುಗಳನ್ನು ನಡೆಸುವವರಿಗೆ ನಿತ್ಯಪರಿಚಿತ. ಬೆಲ್ ಪ್ರಯೋಗಶಾಲೆಯವರೇ ಮುಂದೆ ರಚಿಸಿದ ಪ್ಲಾನ್ 9 ವ್ಯವಸ್ಥೆಯಲ್ಲಿ ಸಂಖ್ಯೆಯನ್ನೇ ತ್ಯಜಿಸಿ, ವೈಫಲ್ಯದ ಕಾರಣವನ್ನು ಮಾತಿನಲ್ಲಿಯೇ ತಿಳಿಸುವ ಕ್ರಮವನ್ನು ತಂದುದು ಉದಾತ್ತವಾದ ಯೋಚನೆ.

ಹಲವು ಕಮಾಂಡುಗಳನ್ನು ಪೈಪಿನಿಂದ ಜೋಡಿಸಿದಾಗ ಕೊನೆಯದರ ಸಂಖ್ಯೆಯೊಂದೇ ಉಳಿದು, ನಡುವಣ ವೈಫಲ್ಯಗಳು ಅಡಗಿಹೋಗುತ್ತಿದ್ದ ಕೊರತೆಯನ್ನು ಪೈಪ್‌ಫೇಲ್ ಎಂಬ ಆಯ್ಕೆ ನೀಗಿಸಿತು. ಬ್ಯಾಷ್ 2004ರಲ್ಲಿಯೇ ಅದನ್ನು ಅಂಗೀಕರಿಸಿದ್ದರೂ ಪಾಸಿಕ್ಸ್ ಮಾನಕದೊಳಗೆ ಅದು ಬಂದುದು 2024ರಲ್ಲಿ. ಆದರೂ ಈ ಆಯ್ಕೆಯಡಿ ನಡುವಣ ಗ್ರೆಪ್ ನೀಡುವ ನಿರ್ದೋಷವಾದ 1 ಕೂಡ ಇಡೀ ಸಾಲಿನ ವೈಫಲ್ಯವೆಂದೇ ಎಣಿಕೆಯಾಗುವುದರಿಂದ, ಸಂಖ್ಯೆ 1 ಆಗಿದೆಯೋ 2 ಆಗಿದೆಯೋ ಎಂಬುದನ್ನು ಸ್ಕ್ರಿಪ್ಟಿನ ಕರ್ತೃವೇ ಪರೀಕ್ಷಿಸಿ ಬರೆಯಬೇಕಾಗಿದೆ.