ಹಾವೇರಿ ಸೀಮೆಯ ಶಾಲಾ ರಂಗಕಲೆ ಮತ್ತು ಊರಿನ ಆಸರೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮತ್ತು ಸುತ್ತಲಿನ ತಾಲೂಕುಗಳಲ್ಲಿ ಶಾಲಾ ಮಕ್ಕಳ ಹಾಡು, ಕುಣಿತ, ನಾಟಕಗಳಿಗೆ ಊರವರು ಹಣ, ಕಾಳುಕಡಿ, ಜಾಗ ಮತ್ತು ಕಲಿಸುವವರನ್ನು ಒದಗಿಸುತ್ತ ಬಂದ ರೂಢಿಯ ಬೇರು 19ನೇ ಶತಮಾನದ ಕೊನೆಯ ಭಾಗದಲ್ಲಿದೆ. ಆಗ ಈ ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಶಾಲೆಯಲ್ಲಿ ರಂಗಕಲೆ ಎಂಬ ವಿಷಯವೇ ಪಠ್ಯದಲ್ಲಿರಲಿಲ್ಲ. ಮಕ್ಕಳು ಅದನ್ನು ಗುಡಿಯ ಭಜನೆಯಲ್ಲಿ, ಮೊಹರಮ್ಮಿನ ಹೆಜ್ಜೆಮೇಳದಲ್ಲಿ, ಸುಗ್ಗಿ ಮುಗಿದ ಮೇಲೆ ನಡೆಯುತ್ತಿದ್ದ ದೊಡ್ಡಾಟದ ತಾಲೀಮಿನಲ್ಲಿ ಕಲಿಯುತ್ತಿದ್ದರು. ಊರಿನ ಮೇಳಕ್ಕೂ ಶಾಲೆಗೂ ನಡುವೆ ನಿಂತವರು ಕನ್ನಡ ಶಾಲೆಯ ಮಾಸ್ತರರು.

ಅಂಥ ಮಾಸ್ತರರಲ್ಲಿ ಮೊದಲು ನೆನೆಯಬೇಕಾದವರು ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು (1856–1920). ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಸಾತೇನಹಳ್ಳಿಯಲ್ಲಿ ಹುಟ್ಟಿದ ಇವರು ವೃತ್ತಿಯಿಂದ ಶಾಲಾ ಶಿಕ್ಷಕರು. ಮರಾಠಿ ನಾಟಕ ಮಂಡಳಿಗಳು ಕನ್ನಡದ ಊರುಗಳಲ್ಲಿ ಬೀಡುಬಿಟ್ಟು ಜನರನ್ನು ಸೆಳೆಯುತ್ತಿದ್ದ ಕಾಲ ಅದು. ಕನ್ನಡದ ಮಕ್ಕಳೂ ದೊಡ್ಡವರೂ ತಮ್ಮದಲ್ಲದ ಭಾಷೆಯ ಆಟವನ್ನು ನೋಡಿ ತಲೆದೂಗುವುದು ಅವರಿಗೆ ಸಹ್ಯವಾಗಲಿಲ್ಲ. 1870ರ ದಶಕದಲ್ಲಿ ಗದುಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿ ‘ಉಷಾಹರಣ’ವನ್ನು ರಂಗಕ್ಕೆ ತಂದರು. ಕನ್ನಡ ವೃತ್ತಿರಂಗಭೂಮಿಯ ಚರಿತ್ರೆ ಸಾಮಾನ್ಯವಾಗಿ ಇಲ್ಲಿಂದಲೇ ಆರಂಭವಾಗುತ್ತದೆ. ಆ ಆರಂಭ ಒಬ್ಬ ಶಾಲಾ ಮಾಸ್ತರರಿಂದಾಯಿತು ಎಂಬ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ನಾಟಕದ ಮಾಸ್ತರ ಎಂಬ ಹೆಸರು ಇಂದಿಗೂ ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಬಳಕೆಯಲ್ಲಿದೆ. ಹಗಲು ಪಾಠ ಹೇಳಿ ರಾತ್ರಿ ತಾಲೀಮು ನಡೆಸುವ ಶಿಕ್ಷಕರು ಹಲವು ಊರುಗಳಲ್ಲಿದ್ದಾರೆ.

ಕಲಿಯುವ ಮಕ್ಕಳ ಹೊಟ್ಟೆಬಟ್ಟೆಯ ಚಿಂತೆ ಮತ್ತು ರಂಗಕಲೆ ಎರಡನ್ನೂ ಒಂದೇ ಜೋಳಿಗೆಯಿಂದ ನಡೆಸಿದ ದೊಡ್ಡ ಪ್ರಯೋಗ ಹಾನಗಲ್ಲ ತಾಲೂಕಿನಿಂದ ಹೊರಟಿತು. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಅಣ್ಣ ಇಬ್ಬರೂ ಹುಟ್ಟುಕುರುಡರು. ಹಾನಗಲ್ಲ ಮಠದ ಕುಮಾರಸ್ವಾಮಿಗಳು ಈ ಅಣ್ಣತಮ್ಮಂದಿರ ಕಂಠವನ್ನು ಗುರುತಿಸಿ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಮುಂದೆ ಪಂಚಾಕ್ಷರಿ ಗವಾಯಿಗಳು ಅಂಧರೂ ಅನಾಥರೂ ಆದ ಹುಡುಗರನ್ನು ಕಟ್ಟಿಕೊಂಡು ಊರಿಂದ ಊರಿಗೆ ಅಲೆಯುವ ಸಂಚಾರಿ ಸಂಗೀತ ಪಾಠಶಾಲೆ ನಡೆಸಿದರು. ಶಾಲೆ ಬೀಡುಬಿಟ್ಟ ಊರಿನವರು ಅಕ್ಕಿ, ಜೋಳ, ರೊಟ್ಟಿ ಕೊಟ್ಟರೆ ಪಾಠ ಸಾಗುತ್ತಿತ್ತು. ಬರಗಾಲ ಬಂದಾಗ ಶಿಷ್ಯರೂ ಗುರುಗಳೂ ಉಪವಾಸ ಬಿದ್ದದ್ದುಂಟು. ಕೊನೆಗೆ ಈ ಶಾಲೆ ಗದುಗಿನಲ್ಲಿ ನೆಲೆನಿಂತು ವೀರೇಶ್ವರ ಪುಣ್ಯಾಶ್ರಮವಾಯಿತು. ಗವಾಯಿಗಳು 1944ರಲ್ಲಿ ತೀರಿಕೊಂಡರು.

ಅವರ ಉತ್ತರಾಧಿಕಾರಿ ಪುಟ್ಟರಾಜ ಗವಾಯಿಗಳೂ (1914–2010) ಹಾನಗಲ್ಲ ತಾಲೂಕಿನವರೇ. ಹುಟ್ಟೂರು ದೇವಗಿರಿ. ಎಳವೆಯಲ್ಲೇ ಕಣ್ಣು ಕಳೆದುಕೊಂಡಿದ್ದ ಇವರು ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲುಗಳಲ್ಲಿ ಪಳಗಿದ್ದಲ್ಲದೆ ನಾಟಕಗಳನ್ನೂ ಬರೆದರು. ನಾಟಕ ಕಂಪನಿಯನ್ನೂ ನಡೆಸಿದರು. ಆ ಕಂಪನಿಯ ಆದಾಯ ಆಶ್ರಮದ ಮಕ್ಕಳ ಅನ್ನ, ಬಟ್ಟೆ, ವಸತಿಗೆ ಸಲ್ಲುತ್ತಿತ್ತು. ಭಕ್ತರು ಊರೂರಲ್ಲಿ ಗವಾಯಿಗಳ ತುಲಾಭಾರ ಮಾಡಿ ಆ ಹಣವನ್ನೂ ಅಲ್ಲಿಗೇ ಕೊಟ್ಟರು. ಕುರುಡು ಮಗು ಎಂದರೆ ಮನೆಯ ಮೂಲೆಗೆ ಸೇರಿತು ಎಂದುಕೊಂಡಿದ್ದ ಹಳ್ಳಿಗಳಿಗೆ ಅದೇ ಮಗು ಪೇಟಿ ಮಾಸ್ತರನಾಗಿ, ತಬಲಾ ವಾದಕನಾಗಿ, ಶಾಲೆಯ ಸಂಗೀತ ಶಿಕ್ಷಕನಾಗಿ ಮರಳಿ ಬಂದದ್ದು ಈ ಆಶ್ರಮದ ಬಲುದೊಡ್ಡ ಕೊಡುಗೆ. ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಸಂದಿತು.

ಸಾಮಾನ್ಯ ಶಾಲೆಗಳಲ್ಲಿ ರಂಗಕಲೆಗೆ ಸಿಕ್ಕ ಮುಖ್ಯ ಸಂದರ್ಭ ವಾರ್ಷಿಕ ಸ್ನೇಹ ಸಮ್ಮೇಳನ. ಮುಂಬಯಿ ಪ್ರಾಂತದ ದಿನಗಳಿಂದ ಬಂದ ಗ್ಯಾದರಿಂಗ್ ಎಂಬ ಹೆಸರೇ ಜನರ ಬಾಯಲ್ಲಿದೆ. ಹಿಂಗಾರಿ ಸುಗ್ಗಿಯ ಆಸುಪಾಸು, ಹೆಚ್ಚಾಗಿ ಡಿಸೆಂಬರಿನಿಂದ ಫೆಬ್ರುವರಿವರೆಗೆ ಇದು ನಡೆಯುತ್ತದೆ. ಶಾಲೆಯ ಕಟ್ಟೆ ಅಥವಾ ಗುಡಿಯ ಮುಂದಿನ ಬಯಲು ರಂಗವಾಗುತ್ತದೆ. ಪಂಚರು ಮತ್ತು ಹಳೆ ವಿದ್ಯಾರ್ಥಿಗಳು ಪಟ್ಟಿ, ಅಂದರೆ ವಂತಿಗೆ ಎತ್ತುತ್ತಾರೆ; ಒಬ್ಬರು ಪೆಂಡಾಲು, ಇನ್ನೊಬ್ಬರು ಧ್ವನಿವರ್ಧಕ, ಮತ್ತೊಬ್ಬರು ಮಕ್ಕಳ ಊಟದ ಹೊಣೆ ಹೊರುತ್ತಾರೆ. ಕುಣಿತ ಮುಗಿಯುವ ಮೊದಲೇ ಸೋದರಮಾವನೋ ಚಿಕ್ಕಪ್ಪನೋ ರಂಗವೇರಿ ಹುಡುಗಿಯ ಅಂಗಿಗೆ ನೋಟು ಚುಚ್ಚುತ್ತಾರೆ, ಆಹೇರಿ ಕೊಟ್ಟವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುತ್ತಾರೆ. ಹಾವೇರಿಯಲ್ಲಿ ಅತಿಥಿಗಳ ಕೊರಳಿಗೆ ಏಲಕ್ಕಿ ಮಾಲೆ ಬೀಳುತ್ತದೆ. ಕೂಗಿ ಹೇಳುವ ಈ ಕಾಣಿಕೆಯಲ್ಲಿ ಉಳ್ಳವರ ಮಕ್ಕಳಿಗೆ ಹೆಚ್ಚು, ಇಲ್ಲದವರ ಮಕ್ಕಳಿಗೆ ಕಡಿಮೆ ಎಂಬ ತಾರತಮ್ಯ ಎದ್ದು ಕಾಣುತ್ತದೆ. ಬಂದ ಹಣವನ್ನೆಲ್ಲ ಒಟ್ಟುಗೂಡಿಸಿ ಶಾಲೆಗೆ ಜಮಾ ಮಾಡುವ ಪದ್ಧತಿ ಹೆಚ್ಚು ನ್ಯಾಯವಾದದ್ದು.

ಇದೇ ತಿಂಗಳುಗಳಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಆವಕ ಏರುತ್ತದೆ. ತೊಟ್ಟು ಬಿಡಿಸುವ ಕೆಲಸಕ್ಕೆ ಹೆಣ್ಣುಮಕ್ಕಳು ಗುಂಪುಗುಂಪಾಗಿ ಹೋಗುವುದರಿಂದ ಹಿರಿಯ ಮಗಳು ಮನೆ ನೋಡಿಕೊಳ್ಳಲು ಉಳಿಯುವುದುಂಟು. ರಾಣೆಬೆನ್ನೂರು ಸುತ್ತಿನಲ್ಲಿ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂವು ತಾಗಿಸುವ ಕ್ರಾಸಿಂಗ್ ಕೆಲಸ ಮಕ್ಕಳನ್ನೂ ಎಳೆದುಕೊಂಡಿದೆ. ಇಂಥಲ್ಲಿ ನಾಟಕದ ತಾಲೀಮು ಮಗುವನ್ನು ಶಾಲೆಗೆ ಕರೆತರುವ ಗಟ್ಟಿ ಕಾರಣವಾಗುತ್ತದೆ: ಪಾತ್ರ ಒಪ್ಪಿಕೊಂಡ ಹುಡುಗಿ ಬಾರದಿದ್ದರೆ ಉಳಿದವರ ತಾಲೀಮು ನಿಲ್ಲುತ್ತದೆ, ಗೆಳತಿಯರೇ ಮನೆಗೆ ಹೋಗಿ ಕರೆಯುತ್ತಾರೆ. ತರಗತಿಯಲ್ಲಿ ತಲೆ ಎತ್ತದ ಮಗು ಮೇಳದ ನಡುವೆ ದನಿ ತೆಗೆಯುವುದನ್ನು ಶಿಕ್ಷಕರು ಬಲ್ಲರು. ಮನಸ್ಸಿನ ಆರೋಗ್ಯಕ್ಕೆ ಆಪ್ತಸಮಾಲೋಚಕರು ಸಿಗದ ಹಳ್ಳಿಶಾಲೆಯಲ್ಲಿ ಇದರ ಬೆಲೆ ದೊಡ್ಡದು.

ನಾಟಕದ ವಸ್ತುವಿಗೆ ಈ ಸೀಮೆಯಲ್ಲಿ ಬರವಿಲ್ಲ. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಕನಕದಾಸರು, ರಾಣೆಬೆನ್ನೂರು ತಾಲೂಕಿನ ಚೌಡದಾನಪುರದ ಅಂಬಿಗರ ಚೌಡಯ್ಯ, ಶಿಗ್ಗಾಂವಿ ತಾಲೂಕಿನ ಶಿಶುನಾಳ ಶರೀಫರು ಶಾಲಾ ರೂಪಕಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಇಬ್ಬರು ಸಂಗಡಿಗರೊಂದಿಗೆ ಗುಂಡೇಟಿಗೆ ಬಲಿಯಾದ ಕಥೆಯೂ ಸ್ವಾತಂತ್ರ್ಯೋತ್ಸವದಂದು ಮಕ್ಕಳ ಕೈಗೆ ಸಿಗುತ್ತದೆ.

20ನೇ ಶತಮಾನದ ಉತ್ತರಾರ್ಧದಲ್ಲಿ ಹವ್ಯಾಸಿ ರಂಗಭೂಮಿಯ ಗಾಳಿ ಇತ್ತ ಬೀಸಿತು. ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ನಾಟಕ ತಂಡವನ್ನೂ ಆರಂಭಿಸಿತು; ಸಾಣೇಹಳ್ಳಿಯ ಮಠ 1997ರಲ್ಲಿ ‘ಶಿವಸಂಚಾರ’ವನ್ನು ಹೊರಡಿಸಿತು. ಇಂಥ ತಂಡಗಳು ಊರಿಗೆ ಬಂದಾಗ ಆಯೋಜಕರ ಮನೆಗಳಲ್ಲೇ ನಟರ ಊಟವಸತಿ ನಡೆಯುತ್ತದೆ, ಶಾಲಾ ಮಕ್ಕಳು ಮುಂದಿನ ಜಮಖಾನದ ಮೇಲೆ ಕೂರುತ್ತಾರೆ. ರಂಗಶಿಕ್ಷಣ ಪಡೆದ ಯುವಕರು ಬೇಸಿಗೆ ಶಿಬಿರಗಳಲ್ಲಿ ಮಕ್ಕಳ ನಾಟಕ ಆಡಿಸತೊಡಗಿದರು. ಹಾನಗಲ್ಲ ತಾಲೂಕಿನ ಶೇಷಗಿರಿ ಈ ಕಾಲದ ಹೆಮ್ಮೆಯ ಉದಾಹರಣೆ. ಕೃಷಿಕರೇ ಹೆಚ್ಚಿರುವ ಆ ಸಣ್ಣ ಹಳ್ಳಿಯ ಗಜಾನನ ಯುವಕ ಮಂಡಳಿ ನಿರ್ದೇಶಕರನ್ನು ಕರೆಸಿ ನಾಟಕ ಕಟ್ಟಿ, ನಾಡಿನ ಬೇರೆ ಊರುಗಳಲ್ಲೂ ಆಡಿದೆ; ಊರಿಗೊಂದು ರಂಗಮಂದಿರವೂ ದಕ್ಕಿದೆ. ದೊಡ್ಡಾಟವನ್ನು ಹೊಸ ಪೀಳಿಗೆಗೆ ದಾಟಿಸಲು ಶ್ರಮಿಸಿದ ಕಲಾವಿದ ಟಿ.ಬಿ. ಸೊಲಬಕ್ಕನವರ 2020ರಲ್ಲಿ ತೀರಿಕೊಂಡರು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿಗೆ ಶಾಲಾ ಪ್ರವಾಸಗಳು ಬರುತ್ತವೆ.

ಹಾವೇರಿ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಸರ್ಕಾರದ ಪಾತ್ರ ಹೆಚ್ಚಿದ್ದೂ ಸರಿಸುಮಾರು ಆಗಲೇ. ರಾಜ್ಯದ ಸರ್ಕಾರಿ ಶಾಲೆಗಳಿಗೆ 2001ರಲ್ಲಿ ಪೋಷಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಬಂತು. ಪಟ್ಟಿ ಎತ್ತುವ ಪಂಚರ ಕೆಲಸಕ್ಕೆ ಲೆಕ್ಕಪತ್ರದ ರೂಪ ಸಿಕ್ಕಿತು. ಆ ದಶಕದ ಮೊದಲ ವರ್ಷಗಳಲ್ಲೇ ಅಕ್ಷರ ದಾಸೋಹದ ಬಿಸಿಯೂಟವೂ ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ಸ್ಪರ್ಧೆಯೂ ಆರಂಭವಾದವು. ಕಾರಂಜಿಯಲ್ಲಿ ಕ್ಲಸ್ಟರ್, ತಾಲೂಕು, ಜಿಲ್ಲೆ, ರಾಜ್ಯ ಎಂಬ ಮೆಟ್ಟಿಲುಗಳಿವೆ. ಕಂಠಪಾಠ, ಛದ್ಮವೇಷ, ಜನಪದ ನೃತ್ಯ, ಕವ್ವಾಲಿ, ಮಿಮಿಕ್ರಿ ಮುಂತಾದ ಸ್ಪರ್ಧೆಗಳಿವೆ. ಕ್ಲಸ್ಟರ್ ಮಟ್ಟದ ಸ್ಪರ್ಧೆ ನಡೆಸುವ ಹಳ್ಳಿ ಸುತ್ತಲ ಶಾಲೆಗಳ ಮಕ್ಕಳಿಗೆಲ್ಲ ಅಡುಗೆ ಮಾಡಿಸಿ ಬಡಿಸುವುದು ಸಾಮಾನ್ಯ. ಸ್ಪರ್ಧೆಯಿಂದ ದೊರೆತ ಅವಕಾಶ ನಿಜವಾದದ್ದು. ಆದರೆ ಬಹುಮಾನದ ಹಂಬಲದಲ್ಲಿ ಚುರುಕಾದ ನಾಲ್ಕೈದು ಮಕ್ಕಳನ್ನೇ ಆರಿಸಿ ತಯಾರಿಸುವ ಚಾಳಿಯೂ ಬೆಳೆಯಿತು. ಮೇಳದಲ್ಲಿ ಎಲ್ಲರಿಗೂ ಒಂದು ಹೆಜ್ಜೆ ಇರುತ್ತಿದ್ದ ಹಳೆಯ ಕ್ರಮಕ್ಕೆ ಇದು ಎರವಾಗಿದೆ.

ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿ, 2020ರ ಆಗಸ್ಟ್‌ನಲ್ಲಿ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳುವ ವಿದ್ಯಾಗಮ ಆರಂಭವಾದಾಗ ಗುಡಿಯ ಪೌಳಿ, ಸಮುದಾಯ ಭವನ, ಮನೆಯ ಕಟ್ಟೆಗಳನ್ನು ಊರವರು ಪಾಠಕ್ಕೆ ಬಿಟ್ಟುಕೊಟ್ಟರು. 2023ರಲ್ಲಿ ರಾಜ್ಯದಾದ್ಯಂತ ನಡೆದ ಕಲಿಕಾ ಹಬ್ಬದಲ್ಲಿ ಹಾಡು, ಆಟ, ಕಾಗದದ ಕೆಲಸ, ಊರು ತಿಳಿಯುವ ಚಟುವಟಿಕೆಗಳಿದ್ದವು. ಸಿಂಗರಿಸಿದ ಚಕ್ಕಡಿಗಳಲ್ಲಿ ಮಕ್ಕಳ ಮೆರವಣಿಗೆ ತೆಗೆಯುವುದು ಹಲವು ಹಳ್ಳಿಗಳಲ್ಲಿ ಕಂಡುಬಂತು.

ಸರ್ಕಾರ ಕೆಲವು ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದರೂ ಹೆಚ್ಚಿನ ಶಾಲೆಗಳಲ್ಲಿ ಆ ಹುದ್ದೆಯೇ ಇಲ್ಲ. ಹತ್ತನೆಯ ತರಗತಿಯ ಮಕ್ಕಳನ್ನು ಪರೀಕ್ಷೆಯ ನೆಪದಲ್ಲಿ ಗ್ಯಾದರಿಂಗಿನಿಂದ ದೂರವಿಡುವುದೂ ನಡೆದಿದೆ. ವಯಸ್ಸಿಗೆ ಬಂದ ಹುಡುಗಿಯರನ್ನು ರಂಗವೇರಿಸಲು ಕೆಲವು ಮನೆಗಳು ಇನ್ನೂ ಹಿಂಜರಿಯುತ್ತವೆ. ಅಲ್ಲೆಲ್ಲ ಶಿಕ್ಷಕಿಯರೇ ಮನೆಗೆ ಹೋಗಿ ತಾಯಂದಿರೊಡನೆ ಮಾತಾಡಿ ಒಪ್ಪಿಸಬೇಕಾಗುತ್ತದೆ. ವೇಷಭೂಷಣದ ಬಾಡಿಗೆ, ತಾಲೂಕು ಕೇಂದ್ರಕ್ಕೆ ಹೋಗಿಬರುವ ಟೆಂಪೊ, ಪೇಟಿ ನುಡಿಸುವವರ ಸಂಭಾವನೆ ಮೊದಲಾದ ಖರ್ಚುಗಳನ್ನು ಇಂದಿಗೂ ಬಹುಪಾಲು ಎಸ್‌ಡಿಎಂಸಿ, ಹಳೆ ವಿದ್ಯಾರ್ಥಿಗಳು ಮತ್ತು ಶಿಕ್ಷಕರು ತಮ್ಮ ಕೈಯಿಂದಲೇ ಭರಿಸುತ್ತಿದ್ದಾರೆ.