ಸುರಪುರದ ಯುದ್ಧಕ್ಕೆ ಇಂಗ್ಲಿಷಿನ ಹೆಸರು

ಯಾದಗಿರಿಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ನಾನು ಇಂಗ್ಲಿಷ್ ಕಲಿಸುತ್ತೇನೆ. ಒಮ್ಮೆ ನುಡಿಗಟ್ಟುಗಳ ಪಾಠದಲ್ಲಿ 'ನೋ ಕ್ವಾರ್ಟರ್' ಬಂತು. ಶಹಾಪುರದಿಂದ ಬರುವ ಹುಡುಗನೊಬ್ಬ 'ಕಾಲು ಪಾಲೂ ಕೊಡಲಿಲ್ಲ' ಎಂದು ಬರೆದ. ಎಲ್ಲರೂ ನಕ್ಕರು. ಅದರ ನಿಜವಾದ ಅರ್ಥ ಹೇಳಿದಾಗ ನಗು ನಿಂತಿತು: ಶರಣು ಬಂದವನನ್ನೂ ಜೀವಸಹಿತ ಬಿಡದಿರುವುದು.

ಇಂಗ್ಲಿಷಿನಲ್ಲಿ ಇಂಥ ಮಾತುಗಳು ಬಹಳ. ಸತ್ತ ಊರಿನವರನ್ನು 'ಕೊಲ್ಯಾಟರಲ್ ಡ್ಯಾಮೇಜ್' ಎಂದರೆ ಹೆಣಗಳು ಮರೆಯಾಗಿ ಲೆಕ್ಕಪತ್ರ ಮಾತ್ರ ಉಳಿಯುತ್ತದೆ. ಸೊಂಟದ ಕೆಳಗೆ ಹೊಡೆಯಬಾರದೆಂಬ ಅವರ ನುಡಿಗಟ್ಟು ಕುಸ್ತಿ ಅಖಾಡದಂಥ ಬಾಕ್ಸಿಂಗ್ ಕಣದಿಂದ ಬಂದದ್ದು. ನಮಗೆ ಅದನ್ನು ಕಲಿಯಲು ಅಲ್ಲಿಗೆ ಹೋಗಬೇಕಿಲ್ಲ, ದುರ್ಯೋಧನನ ತೊಡೆ ಮುರಿದದ್ದು ಸರಿಯೋ ತಪ್ಪೋ ಎಂದು ರನ್ನನ ಕಾಲದಿಂದಲೂ ಜಗಳವಾಡುತ್ತಿದ್ದೇವೆ. ಆದರೆ ನಮ್ಮ ನೆಲದಲ್ಲಿ ಒಬ್ಬ ದೊರೆಯ ಗತಿ ನಿರ್ಧಾರವಾದದ್ದು ಇಂಥ ದೊಡ್ಡ ನುಡಿಗಟ್ಟಿನಿಂದಲ್ಲ, 'ರೆಬೆಲ್' ಎಂಬ ಸಣ್ಣ ಪದದಿಂದ.

ಸುರಪುರದ ಬೇಡರಿಗೆ ಯುದ್ಧ ಹೊಸದಲ್ಲ. 1705ರಲ್ಲಿ ಔರಂಗಜೇಬನೇ ಬಂದು ವಾಗಿನಗೇರಿ ಕೋಟೆಗೆ ಮುತ್ತಿಗೆ ಹಾಕಿದ್ದ. ಕೋಟೆ ಬಿತ್ತು, ನಾಯಕ ಮಾತ್ರ ಕೈಗೆ ಸಿಗಲಿಲ್ಲ. ಮುಂದೆ ಸಂಸ್ಥಾನ ನಿಜಾಮನಿಗೆ ಕಪ್ಪ ಕೊಡುತ್ತಾ ಬಂತು. ರಾಜಾ ವೆಂಕಟಪ್ಪ ನಾಯಕ ಚಿಕ್ಕವನಿದ್ದಾಗ ಆಡಳಿತ ನೋಡಿಕೊಳ್ಳಲು ಬಂದವನು ಫಿಲಿಪ್ ಮೆಡೋಸ್ ಟೇಲರ್, ಠಕ್ಕರ ಕುರಿತ ಕಾದಂಬರಿಯಿಂದ ಆಗಲೇ ಹೆಸರಾಗಿದ್ದ ಅಧಿಕಾರಿ. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ವಯಸ್ಸಿಗೆ ಬಂದಾಗ, 1853ರಲ್ಲಿ, ಆಡಳಿತ ಅವನ ಕೈಗೆ ಬಂತು. ಐದು ವರ್ಷವೂ ಪೂರ್ತಿಯಾಗಲಿಲ್ಲ. 1858ರ ಫೆಬ್ರವರಿಯಲ್ಲಿ ಕಂಪನಿಯ ಸೈನ್ಯ ಸುರಪುರದ ಗುಡ್ಡದ ಕೆಳಗೆ ನಿಂತಿತ್ತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ.

ಇಂಗ್ಲಿಷರು ಆ ವರ್ಷದ ಎಲ್ಲವನ್ನೂ 'ಮ್ಯುಟಿನಿ' ಎಂಬ ಒಂದೇ ಚೀಲಕ್ಕೆ ತುಂಬಿದರು. ಮ್ಯುಟಿನಿ ಎಂದರೆ ಸಂಬಳದ ಸಿಪಾಯಿ ತನ್ನ ಅಧಿಕಾರಿಯ ಮೇಲೆ ತಿರುಗಿಬೀಳುವುದು. ವೆಂಕಟಪ್ಪ ನಾಯಕ ಯಾರ ಸಿಪಾಯಿಯೂ ಆಗಿರಲಿಲ್ಲ. ಇನ್ನು ರೆಬೆಲ್ ಎನ್ನಬೇಕಾದರೆ ಯಾರಿಗೋ ನಿಷ್ಠೆ ಸಲ್ಲಿಸಬೇಕಾದವನಾಗಿರಬೇಕು. ಕಪ್ಪ ಹೋಗುತ್ತಿದ್ದದ್ದು ನಿಜಾಮನಿಗೆ. ಹಾಗಿದ್ದರೆ ಅವನು ಕಂಪನಿಗೆ ದ್ರೋಹ ಬಗೆದದ್ದು ಹೇಗೆ? ಈ ಪ್ರಶ್ನೆಯನ್ನು ಕೇಳದೆ ಇರಲು ಆ ಪದ ಬಹಳ ಅನುಕೂಲವಾಗಿತ್ತು. ಶತ್ರು ಎಂದಿದ್ದರೆ ಸೋತ ಮೇಲೆ ಯುದ್ಧಕೈದಿ ಎನ್ನಬೇಕಾಗುತ್ತಿತ್ತು. ರೆಬೆಲ್ ಎಂದರೆ ಸಾಕು, ಅವನು ಅಪರಾಧಿ. ಅದೇ ವರ್ಷ ನರಗುಂದದ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದೂ ಇದೇ ಲೆಕ್ಕದಲ್ಲಿ.

ಸಿಕಂದರಾಬಾದಿನಲ್ಲಿ ವಿಚಾರಣೆ ನಡೆದು ರಾಜನಿಗೆ ಮರಣದಂಡನೆಯಾಯಿತು. ನೇಣು ಕಳ್ಳರಿಗೆ, ತನ್ನನ್ನು ಫಿರಂಗಿ ಬಾಯಿಗೆ ಕಟ್ಟಿ ಕೊಲ್ಲಲಿ ಎಂದು ಸೆರೆಮನೆಯಲ್ಲಿ ಅವನು ತನ್ನೊಡನೆ ಹೇಳಿದನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಇಪ್ಪತ್ತೈದೂ ದಾಟದ ಹುಡುಗ ಬೇಡಿದ್ದು ಜೀವವನ್ನಲ್ಲ, ಸಾಯುವ ಬಗೆಯನ್ನು. ಅವನಿಗೂ ತನ್ನನ್ನು ಯಾವ ಹೆಸರಿನಿಂದ ಕೊಲ್ಲುತ್ತಾರೆ ಎನ್ನುವುದೇ ಮುಖ್ಯವಾಗಿತ್ತು. ಮುಂದೆ ಶಿಕ್ಷೆ ಇಳಿಯಿತು. ಕೊನೆಗೆ ಗವರ್ನರ್ ಜನರಲ್ ಕ್ಯಾನಿಂಗ್ ಅದನ್ನು ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷ ಎಂದು ಮಾಡಿದ. ದಯೆ ತೋರಿಸಿದ್ದಕ್ಕೆ ಅವನ ದೇಶದವರೇ ಅವನನ್ನು 'ಕ್ಲೆಮೆನ್ಸಿ ಕ್ಯಾನಿಂಗ್' ಎಂದು ಹಂಗಿಸುತ್ತಿದ್ದರು! ಚೆಂಗಲ್ಪಟ್ಟಿಗೆ ಸಾಗಿಸುವಾಗ ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜ ಸತ್ತ. ತಾನೇ ಹಾರಿಸಿಕೊಂಡ ಎನ್ನುತ್ತಾನೆ ಟೇಲರ್. ಆದರೆ ಅದು ಅವನು ಕಂಡದ್ದಲ್ಲ, ಕೇಳಿದ್ದು.

ಮರುವರ್ಷ, 1859ರಲ್ಲಿ, ಇಟಲಿಯ ಸೊಲ್ಫೆರಿನೊದಲ್ಲಿ ಗಾಯಾಳುಗಳ ನರಳಾಟ ಕಂಡ ಹೆನ್ರಿ ಡ್ಯೂನಾಂಟ್ ರೆಡ್‌ಕ್ರಾಸಿನ ಕನಸು ಕಂಡ. 1863ರಲ್ಲಿ ಅಮೆರಿಕದ ಲೀಬರ್ ಸಂಹಿತೆ 'ನೋ ಕ್ವಾರ್ಟರ್' ಎನ್ನುವುದು ಈ ಕಾಲದ ಯುದ್ಧಪದ್ಧತಿಗೆ ವಿರುದ್ಧ ಎಂದಿತು. 1864ರಲ್ಲಿ ಮೊದಲ ಜಿನೀವಾ ಒಪ್ಪಂದವಾಯಿತು. ಆರು ವರ್ಷ ಮೊದಲೇ ಅದು ಬಂದಿದ್ದರೂ ಸುರಪುರಕ್ಕೆ ದಕ್ಕುತ್ತಿರಲಿಲ್ಲ ಎನ್ನುವುದು ನನ್ನ ಅನಿಸಿಕೆ; ಅದು ಸಹಿ ಹಾಕಿದ ದೇಶಗಳ ನಡುವಿನ ಮಾತು. ಒಂದೇ ದೇಶದ ಒಳಗಿನ ಕಾಳಗಕ್ಕೂ ಕನಿಷ್ಠ ನಿಯಮಗಳು ಬಂದದ್ದು 1949ರ ಒಪ್ಪಂದಗಳ ಮೂರನೆಯ ವಿಧಿಯಲ್ಲಿ: ಆಯುಧ ಕೆಳಗಿಟ್ಟವನನ್ನು ಕೊಲ್ಲಬಾರದು, ಸರಿಯಾದ ನ್ಯಾಯಾಲಯವಿಲ್ಲದೆ ಶಿಕ್ಷಿಸಬಾರದು. ಅಲ್ಲಿಯೂ ಒಂದು ಜಾಣತನವಿದೆ. ಈ ನಿಯಮ ಪಾಲಿಸಿದ ಮಾತ್ರಕ್ಕೆ ಯಾರ ಕಾನೂನು ಸ್ಥಾನಮಾನವೂ ಬದಲಾಗದು ಎಂದು ಅದೇ ವಿಧಿ ಹೇಳುತ್ತದೆ. ಅಂದರೆ ಸರ್ಕಾರ ಈಗಲೂ ರೆಬೆಲ್ ಎನ್ನಬಹುದು, ಹಾಗೆಂದ ಕಾರಣಕ್ಕೆ ಮನಬಂದಂತೆ ಕೊಲ್ಲುವಂತಿಲ್ಲ. ಭಾರತ ಇದಕ್ಕಾಗಿ ಕಾಯ್ದೆ ಮಾಡಿದ್ದು 1960ರಲ್ಲಿ.

ಅದಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, 1860ರಲ್ಲಿ, ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು, ದಂಗೆಯ ಕಾಲದಲ್ಲಿ ತಮ್ಮ ಕೈಬಿಡದೆ ನಿಂತಿದ್ದಕ್ಕೆ. ಅದಕ್ಕೆ ಅವರು ಬಳಸಿದ ಪದ 'ಸೀಡ್', ಬಿಟ್ಟುಕೊಡುವುದು. ಹೊಲ, ಕೆರೆ, ಗುಡ್ಡ, ಜನ ಎಲ್ಲ ಆ ಒಂದೇ ಪದದಲ್ಲಿ ಕೈಬದಲಾದವು.